ಎಲ್ಲದಕ್ಕೂ ಒಂದೇ ಕೇಬಲ್, ಮನೆಯಲ್ಲಿ ಏಳು

ಆಷಾಢದ ಮಳೆಗೆ ಲೈನ್ ಮೇಲೆ ಮರ ಬಿತ್ತು, ಎರಡು ದಿನ ಕರೆಂಟ್ ಇಲ್ಲ. ಸೋಮವಾರಪೇಟೆ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. ಮೂರನೇ ದಿನ ಸಂಜೆ ಕರೆಂಟ್ ಬಂತು ನೋಡಿ, ಮನೆಮಂದಿಯೆಲ್ಲ ಫೋನ್ ಹಿಡಿದು ಪ್ಲಗ್ ಕಡೆ ಓಡಿದೆವು. ಮುಕ್ಕಾಲು ಗಂಟೆ ಇದ್ದು ಹೋಯಿತು ಪುಣ್ಯಾತ್ಮ. ಅಷ್ಟರಲ್ಲಿ ಮಗಳ ಫೋನ್ 80 ದಾಟಿತ್ತು, ನನ್ನದು 4ರಿಂದ 20ಕ್ಕೆ ಬಂದಿತ್ತು. ಇಬ್ಬರದೂ ಒಂದೇ ಮಾಡೆಲ್ ಫೋನ್, ಒಂದೇ ಥರದ ಚಾರ್ಜರ್. ಬೇರೆ ಇದ್ದದ್ದು ಕೇಬಲ್ ಮಾತ್ರ, ಅದೂ ನೋಡೋಕೆ ಅವಳಿ ಜವಳಿ.

ಟೈಪ್-ಸಿ ಅನ್ನೋ ಈ ಹೊಸ ಪಿನ್ ಬಂದಾಗ ಹೇಳಿದ್ದೇನು? ಇನ್ನು ಎಲ್ಲದಕ್ಕೂ ಒಂದೇ ಕೇಬಲ್, ಹೇಗೆ ತಿರುಗಿಸಿ ಚುಚ್ಚಿದರೂ ಹೋಗುತ್ತೆ ಅಂತ. ಹೌದು, ಹೋಗುತ್ತೆ. ಹೋದ ಮೇಲೆ ಏನಾಗುತ್ತೆ ಅನ್ನೋದು ಅವರವರ ಹಣೆಬರಹ! ಒಂದು ಕೇಬಲ್ 60 ವಾಟ್ ತಾಳುತ್ತೆ, ಇನ್ನೊಂದು ಹೊಟ್ಟೆಯೊಳಗೆ ಚಿಪ್ ಇಟ್ಟುಕೊಂಡು 240 ವಾಟ್ ತಾಳುತ್ತೆ. ಸರಿ, ದಪ್ಪಗಿರೋದು ತಗೊಂಡರೆ ಆಯ್ತಲ್ವಾ ಅಂದರೆ ಅದೂ ಇಲ್ಲ. ಆ 240 ವಾಟಿನ ಪೈಲ್ವಾನನೇ ಡೇಟಾ ಹೊರು ಅಂದರೆ ಸೆಕೆಂಡಿಗೆ 480 ಮೆಗಾಬಿಟ್ಟಿಗೆ ಉಸ್ಸಪ್ಪಾ ಅಂತ ಕೂತಿರಬಹುದು. ಅದು 2000ನೇ ಇಸವಿಯ ಯುಎಸ್‌ಬಿ 2.0 ವೇಗ; ಯುಎಸ್‌ಬಿ ಅಂದರೆ ಈ ಕೇಬಲ್‌ಗಳೆಲ್ಲ ಪಾಲಿಸೋ ನಿಯಮಾವಳಿ. ಮದುವೆ ವಿಡಿಯೊ 50 ಜಿಬಿ ಇದ್ದರೆ ಲೆಕ್ಕದಲ್ಲಿ 14 ನಿಮಿಷ, ನಿಜದಲ್ಲಿ 20 ದಾಟುತ್ತೆ. ಪಕ್ಕದಲ್ಲಿ ಅದೇ ಮುಖದ ಇನ್ನೊಂದು ಕೇಬಲ್ ಸೆಕೆಂಡಿಗೆ 40 ಗಿಗಾಬಿಟ್, ಅಂದರೆ 40 ಸಾವಿರ ಮೆಗಾಬಿಟ್ ಓಡುತ್ತೆ. 2023ರಲ್ಲಿ ಬಂದ ಐಫೋನ್ 15 ಪ್ರೊ 10 ಗಿಗಾಬಿಟ್ ಓಡಬಲ್ಲದು, ಆದರೆ ಲಕ್ಷ ದಾಟಿದ ಆ ಫೋನಿನ ಡಬ್ಬದೊಳಗೆ ಇಟ್ಟದ್ದು ಇದೇ 480ರ ಕೇಬಲ್.

ಹೆಸರು ನೋಡಿ ತಗೊಳ್ಳೋಣ ಅಂದರೆ ಅದು ಇನ್ನೂ ಚೆಂದ. 5 ಗಿಗಾಬಿಟ್‌ನ ಯುಎಸ್‌ಬಿ 3.0 ಹುಟ್ಟಿದ್ದು 2008ರಲ್ಲಿ. 2013ರಲ್ಲಿ ಅದನ್ನೇ 3.1 ಜೆನ್ 1 ಅಂದರು, 2017ರಲ್ಲಿ 3.2 ಜೆನ್ 1 ಅಂದರು. ವೇಗ ಒಂದು ಚೂರೂ ಏರಿಲ್ಲ. ಒಂದೇ ಮಗುವಿಗೆ ಮೂರು ನಾಮಕರಣ, ಪ್ರತಿ ಸಲವೂ ಊರೂಟ.

ಮಳೆ ಬಿಟ್ಟ ಮೇಲೆ ಪೇಟೆಗೆ ಹೋಗಿ ಕೇಳಿದೆ. ಅಂಗಡಿ ಹುಡುಗ ಗೋಡೆ ತುಂಬ ನೇತುಹಾಕಿದ್ದರಿಂದ ಒಂದನ್ನು ಎಳೆದುಕೊಟ್ಟ.

"ಎಷ್ಟು ವಾಟ್ ಇದು?"

"ಒಂದು ಮೀಟರ್, ಅಣ್ಣ."

"ಉದ್ದ ಅಲ್ಲಪ್ಪ. ಫಾಸ್ಟ್ ಚಾರ್ಜ್ ಆಗುತ್ತಾ?"

"ಸೂಪರ್ ಫಾಸ್ಟ್ ಅಣ್ಣ, ಡೇಟಾ ಕೇಬಲ್ ಇದು."

ಮನೆಗೆ ತಂದು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆ ಡೇಟಾ ಕೇಬಲ್ಲಿನಲ್ಲಿ ಡೇಟಾ ಹೋಗೋ ತಂತಿಯೇ ಇಲ್ಲ. ಬರೀ ಚಾರ್ಜ್, ಅದೂ ನಿಧಾನ. ಪ್ಯಾಕೆಟ್ ಮೇಲೆ ಮಿಂಚಿನ ಚಿತ್ರ ಮಾತ್ರ ಇತ್ತು, ಸುಮ್ನೆ ಅಲಂಕಾರಕ್ಕೆ.

ಈಗ ಏಳು ಕೇಬಲ್ ಆಗಿವೆ. ಕಾಫಿ ಮೂಟೆಗೆ ಗುರುತು ಹಾಕೋ ಬಣ್ಣದಲ್ಲಿ ಒಂದೊಂದಕ್ಕೂ ಚುಕ್ಕೆ ಇಟ್ಟಿದ್ದೇನೆ. ಕೆಂಪು ಜೋರು, ಹಸಿರು ಡೇಟಾ, ಚುಕ್ಕೆ ಇಲ್ಲದ್ದು ನೆಂಟರಿಗೆ.

ನನಗೆ ಹೊಟ್ಟೆ ಉರಿಯೋದು ಒಂದಕ್ಕೇ. ನಾವು ಬೆಳೆದ ಕಾಫಿಗೆ ಯಾರೋ ಚಿಕೋರಿ ಬೆರೆಸಿ ಮಾರಿದರೂ ಪುಡಿ ಎಷ್ಟು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಪರ್ಸೆಂಟ್ ಬರೆಯಲೇಬೇಕು. ಮುಂದಿನ ವಾರ ಅದೇ ಅಂಗಡಿಗೆ ಹೋಗಿ ಕೇಳುವವನಿದ್ದೇನೆ: ಇದರಲ್ಲಿ ಚಿಕೋರಿ ಎಷ್ಟಪ್ಪಾ?