ಮಿಕ್ಸಿ ಬಂತು, ಕೆಲಸ ಹೋಯ್ತಾ?

ಕಾರವಾರ, ಶಿರಸಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಗ್ಯಾಸ್, ಮಿಕ್ಸಿ, ವಾಷಿಂಗ್ ಮಷಿನ್ ಬಂದ ಮೇಲೆ ಹೆಂಗಸರಿಗೆ ಮನೆಯಲ್ಲಿ ಕೆಲಸವೇ ಇಲ್ಲ. ಈಗ ಗಂಡಸರೂ ಸಮಸಮ ಮಾಡುತ್ತಾರೆ."

ಇದು ಸುಳ್ಳು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು. ಹಿಂದಿನ ದಿನ ಬೆಳಗಿನ ನಾಲ್ಕರಿಂದ ಇಪ್ಪತ್ನಾಲ್ಕು ತಾಸು ಯಾರು ಏನು ಮಾಡಿದರೆಂದು ಅರ್ಧರ್ಧ ಗಂಟೆಯ ಲೆಕ್ಕ ಕೇಳಿ ಬರೆದುಕೊಂಡರು. ಅಡುಗೆ, ಕಸ, ಪಾತ್ರೆ, ಬಟ್ಟೆಯಂಥ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಗಂಡಸರು 97.

ಈ 97 ಕೂಡ ಸ್ವಲ್ಪ ಮೋಸದ ಅಂಕಿ. ಅದು ಆ ದಿನ ಮನೆಗೆಲಸ ಮಾಡಿದ ಗಂಡಸರ ಸರಾಸರಿ ಮಾತ್ರ. ಅಂಥವರು ನೂರಕ್ಕೆ ಸುಮಾರು 26 ಮಂದಿ, ಹೆಂಗಸರಲ್ಲಿ 81. ಉಳಿದ ಗಂಡಸರದು ಸೊನ್ನೆ, ಅದನ್ನು ಸರಾಸರಿಗೆ ಸೇರಿಸಿಯೇ ಇಲ್ಲ!

ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವುದು, ಘಟ್ಟದ ಮೇಲೆ ಮಾರಾಟದ ಅಡಿಕೆ ಸುಲಿಯುವುದು ಈ 299ರಲ್ಲಿ ಬರುವುದಿಲ್ಲ. ಅವು ದುಡಿಮೆಯ ಬೇರೆ ಲೆಕ್ಕ. ಮಕ್ಕಳು, ಹಿರಿಯರ ಆರೈಕೆಗೂ ಬೇರೆಯೇ ಲೆಕ್ಕವಿದೆ.

ಯಂತ್ರದಿಂದ ಉಪಯೋಗವಿಲ್ಲ ಎಂದಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತವರಿಗೆ ಮಿಕ್ಸಿಯ ಬೆಲೆ ಗೊತ್ತು. ಆದರೆ ಮಷಿನ್‌ಗೆ ಬಟ್ಟೆ ಹಾಕಿ, ತೆಗೆದು, ಮಳೆಗಾಲದಲ್ಲಿ ಒಣಗಿಸುವವರು ಯಾರು? 2024ರ ಸಮೀಕ್ಷೆಯಲ್ಲಿ ಹೆಂಗಸರ ಸಮಯ 289 ನಿಮಿಷಕ್ಕೆ ಇಳಿದಿದೆ. ಐದು ವರ್ಷದಲ್ಲಿ ಉಳಿದದ್ದು ಹತ್ತು ನಿಮಿಷ.