ಬೆಳಿಗ್ಗೆ ಸೋದರರು, ಸಂಜೆಗೆ ಇಪ್ಪತ್ತೈದು ಮಂದಿ

ಬಂಧುವೊಬ್ಬರು ನಿನ್ನೆ ತಮ್ಮ ಕಂಪನಿಯ ವಾರ್ಷಿಕ ಸಭೆಯ ವಿಡಿಯೊ ಕಳುಹಿಸಿದ್ದರು. ಮೇಲಧಿಕಾರಿಯೊಬ್ಬರು ಎದೆ ಸೆಟೆಸಿ ನಿಂತು, ಶೇಕ್ಸ್‌ಪಿಯರ್‌ನ ‘ಐದನೆಯ ಹೆನ್ರಿ’ ನಾಟಕದಲ್ಲಿ ಫ್ರೆಂಚರ ಮೇಲಿನ ಅಜಿನ್‌ಕೋರ್ಟ್ ಕದನಕ್ಕೆ ಮುನ್ನ ಇಂಗ್ಲೆಂಡಿನ ದೊರೆ ಆಡುವ ಮಾತುಗಳನ್ನು ಒಪ್ಪಿಸಿದರು. ಚಪ್ಪಾಳೆ ನಿಲ್ಲುವ ಮೊದಲೇ ಪರದೆಯ ಮೇಲೆ ಮುಂದಿನ ವರ್ಷದ ಮಾರಾಟದ ಗುರಿ ಮೂಡಿತು. ಈ ನಾಟಕವನ್ನು ಪಾಠ ಮಾಡುತ್ತಲೇ ತಲೆ ನರೆತವನ ಮೈ ಹೇಗೆ ಉರಿದಿರಬೇಕೆಂಬುದನ್ನು ನನ್ನನ್ನು ಬಲ್ಲ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾತು ಅದ್ಭುತವಾದದ್ದೇ, ಅನುಮಾನವಿಲ್ಲ. 1415ರ ಅಕ್ಟೋಬರ್ 25, ಸಂತ ಕ್ರಿಸ್ಪಿನ್‌ನ ಹಬ್ಬದ ದಿನ. ಇಂಗ್ಲೆಂಡಿನಲ್ಲಿ ಕೆಲಸವಿಲ್ಲದೆ ಕುಳಿತವರಲ್ಲಿ ಹತ್ತು ಸಾವಿರ ಮಂದಿಯಾದರೂ ಇಲ್ಲಿರಬಾರದಿತ್ತೇ ಎಂದು ಅವನ ಜತೆಗಿದ್ದ ಪ್ರಭು ವೆಸ್ಟ್‌ಮರ್‌ಲ್ಯಾಂಡ್ ಹಲುಬಿದಾಗ, ಒಬ್ಬನೂ ಹೆಚ್ಚಿಗೆ ಬೇಡ ಎನ್ನುತ್ತಾನೆ ಹೆನ್ರಿ. ಕಾದಲು ಮನಸ್ಸಿಲ್ಲದವನು ಹೊರಡಲಿ, ದಾರಿಖರ್ಚು ನಾನೇ ಕೊಡುತ್ತೇನೆ ಎನ್ನುತ್ತಾನೆ. ನನ್ನೊಡನೆ ಇಂದು ರಕ್ತ ಸುರಿಸುವವನು ಎಷ್ಟೇ ಕೀಳು ಸ್ಥಿತಿಯವನಾಗಿರಲಿ, ಅವನು ನನ್ನ ಸೋದರ ಎನ್ನುತ್ತಾನೆ. ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಪಿತ್ತ ಕೆರಳುವುದೂ ಅದಕ್ಕಾಗಿಯೇ. (ದಾರಿಖರ್ಚಿನ ಸಾಲನ್ನು ನಮ್ಮ ಅಧಿಕಾರಿಗಳು ಬಲು ಜಾಣತನದಿಂದ ನುಂಗಿಬಿಟ್ಟಿದ್ದರು.)

ಆ ಸೋದರರು ಮುಂದೆ ಏನಾದರು? ಕದನ ಮುಗಿದ ಮೇಲೆ ಮಡಿದ ಇಂಗ್ಲಿಷರ ಪಟ್ಟಿ ರಾಜನ ಕೈಗೆ ಬರುತ್ತದೆ. ಯಾರ್ಕಿನ ಡ್ಯೂಕ್, ಸಫೋಕಿನ ಅರ್ಲ್, ಸರ್ ರಿಚರ್ಡ್ ಕೆಟ್ಲಿ, ಡೇವಿ ಗ್ಯಾಮ್. ಹೆಸರುಳ್ಳವರು ಬೇರೆ ಯಾರೂ ಇಲ್ಲ, ಉಳಿದಂತೆ 25 ಮಂದಿ ಎಂದು ಓದಿ, ಜಯವೆಲ್ಲ ದೇವರದೆಂದು ಕೈ ಮುಗಿಯುತ್ತಾನೆ. ಬೆಳಗಿನ ಭಾಷಣದಲ್ಲೂ, ಮುಂದಿನ ತಲೆಮಾರು ಪಾನಗೋಷ್ಠಿಗಳಲ್ಲಿ ನೆನೆಯಲಿರುವ ಹೆಸರುಗಳೆಂದು ಅವನು ಎಣಿಸಿದ್ದು ಬೆಡ್‌ಫರ್ಡ್, ಎಕ್ಸೆಟರ್, ವಾರಿಕ್, ಟಾಲ್ಬಟ್‌ರಂಥ ಪ್ರಭುಗಳನ್ನೇ ಹೊರತು ಬಿಲ್ಲು ಹಿಡಿದ ಒಬ್ಬನನ್ನೂ ಅಲ್ಲ.

ಶೇಕ್ಸ್‌ಪಿಯರ್‌ಗೆ ಇದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಬಂದ ರಾಜನೆದುರೇ ಮೈಕೆಲ್ ವಿಲಿಯಮ್ಸ್ ಎಂಬ ಸಾಮಾನ್ಯ ಸೈನಿಕ, ಯುದ್ಧದ ಕಾರಣ ನ್ಯಾಯವಾದದ್ದಲ್ಲದಿದ್ದರೆ ಕಡಿದುಬಿದ್ದ ಕೈಕಾಲು ತಲೆಗಳೆಲ್ಲ ಕಡೆಯ ದಿನ ಒಂದಾಗಿ ಎದ್ದು ಲೆಕ್ಕ ಕೇಳುತ್ತವೆ ಎಂದುಬಿಡುತ್ತಾನೆ. ರಾಜ ಉದ್ದುದ್ದ ಉತ್ತರ ಕೊಡುತ್ತಾನೆ, ಕಾರಣ ನ್ಯಾಯವೆಂದೂ ಹೇಳಿಕೊಳ್ಳುತ್ತಾನೆ. ಆದರೆ ಲೆಕ್ಕವನ್ನು ಮಾತ್ರ ಸತ್ತವರ ಪಾಪದ ಖಾತೆಗೇ ಜಮಾ ಮಾಡುತ್ತಾನೆ. ಮರುದಿನ ಗುಟ್ಟು ಬಯಲಾದಾಗ ಈ ‘ಸೋದರ’ನಿಗೆ ಸಿಗುವುದು ಒಂದು ಕೈಗವಸಿನ ತುಂಬ ನಾಣ್ಯ.

ಹೆನ್ರಿ ತಾನೂ ಮುಂದೆ ನಿಂತು ಕಾದಿದನಲ್ಲವೇ ಎಂದು ಕೇಳುವಿರಿ. ಕಾದಿದ, ಅದು ಉತ್ತರನ ಪೌರುಷವಲ್ಲ. ಆದರೆ ಅದೇ ದಿನ ಸೆರೆಯಾಳುಗಳನ್ನು ಕೊಲ್ಲಿರೆಂದು ಆಜ್ಞೆ ಕೊಟ್ಟವನೂ ಅವನೇ. ಇಂಗ್ಲಿಷ್ ನಟ, ನಿರ್ದೇಶಕ ಲಾರೆನ್ಸ್ ಒಲಿವಿಯರ್ 1944ರಲ್ಲಿ ಈ ನಾಟಕವನ್ನು ಸಿನಿಮಾ ಮಾಡಿದಾಗ ಆ ಆಜ್ಞೆಯನ್ನೂ, ಫ್ರಾನ್ಸಿನ ಹಾರ್ಫ್ಲರ್ ಪಟ್ಟಣದ ಬಾಗಿಲಲ್ಲಿ ನಿಂತು ಎಳೆಗೂಸುಗಳನ್ನು ಈಟಿಗೆ ಚುಚ್ಚಿಸುವೆನೆಂದು ರಾಜ ಹಾಕುವ ಬೆದರಿಕೆಯನ್ನೂ ಕತ್ತರಿಸಿದ. ನಾಡು ಹಿಟ್ಲರನ ವಿರುದ್ಧ ಯುದ್ಧದಲ್ಲಿತ್ತು. ಕತ್ತರಿಗೆ ಒಂದು ನೆಪವಾದರೂ ಇತ್ತು. ಮಾರಾಟ ವಿಭಾಗದವರು ಯಾರ ಮೇಲೆ ದಂಡೆತ್ತಿ ಹೊರಟಿದ್ದರೆಂದು ತಿಳಿದವರು ದಯವಿಟ್ಟು ಹೇಳಿ.