ಕಾಲುಚೀಲ ತೊಟ್ಟ ಕಾರು

ಕಾರಿನ ಕನ್ನಡಿಗೆ ಕಾಲುಚೀಲ ತೊಡಿಸುವವರನ್ನು ಕಂಡರೆ ನಗಬಾರದು. ಅವರು ಅಕ್ಕನ ಗಂಡನಾಗಿದ್ದರಂತೂ, ನಗು ತಡೆಯದಿದ್ದರೆ ಹಿತ್ತಲಿಗೆ ಹೋಗಿ ನಕ್ಕು ಬರಬೇಕು. ನನ್ನ ಕಷ್ಟವೆಂದರೆ ಕಾರು ನಿಂತದ್ದೇ ಹಿತ್ತಲಿನಲ್ಲಿ.

ಭಾವ ಯುಗಾದಿಗೆ ದಾವಣಗೆರೆಯಿಂದ ಹೊಸ ಕಾರಿನಲ್ಲಿ ಬಂದಿದ್ದರು. ಚಿತ್ರದುರ್ಗದ ಬಿಸಿಲಿಗೆ ಬಣ್ಣ ಕೆಟ್ಟೀತೆಂದು ಬೇವಿನ ಮರದಡಿ ನಿಲ್ಲಿಸಿದರು. ಆ ಜಾಗ ಒಂದು ಚಿಟ್ಟುಮಡಿವಾಳನದು. ಕಲ್ಲುಗೋಡೆಯ ಸಂದಿನಲ್ಲಿ ಅದರ ಸಂಸಾರ. ಅಂಗೈಯಗಲದ ಕಪ್ಪು ಹಕ್ಕಿ, ರೆಕ್ಕೆಯ ಮೇಲೊಂದು ಬಿಳಿ ಗೆರೆ. ಬಾಲವನ್ನು ಸದಾ ನಿಗುರಿಸಿ, ಅದರಡಿಯ ಕೆಂಪನ್ನು ಊರಿಗೆಲ್ಲ ತೋರಿಸುವ ಜಂಬ. ಬೆಳಗ್ಗೆ ನೋಡಿದರೆ ಎಡಗಡೆಯ ಕನ್ನಡಿಯ ಮೇಲೆ ಕುಳಿತು ಬಗ್ಗಿ ನೋಡುತ್ತಿತ್ತು. ಒಳಗೆ ಇನ್ನೊಂದು ಗಂಡು! ಹಾರಿ ಕುಕ್ಕಿತು, ಜಾರಿತು, ಮತ್ತೆ ಏರಿ ಕುಕ್ಕಿತು. ನಡುವೆ ಒಮ್ಮೆ ಕನ್ನಡಿಯ ಬೆನ್ನ ಹಿಂದೆ ಹೋಗಿ, ಶತ್ರು ಅಲ್ಲೇನಾದರೂ ಅವಿತಿದ್ದಾನೆಯೇ ಎಂದು ಹುಡುಕಿಯೂ ಬಂತು. ಹಿಕ್ಕೆ ಬಾಗಿಲಿನುದ್ದಕ್ಕೂ ಇಳಿದಿತ್ತು.

ಭಾವ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಕನ್ನಡಿಗಳನ್ನು ಮಡಚಿದರು. ಹಕ್ಕಿ ಕಿಟಕಿಯ ಗಾಜಿನಲ್ಲಿ ಯುದ್ಧ ಮುಂದುವರಿಸಿತು. ಗಾಜಿಗೆ ಹಳೆಯ ಸೀರೆ ಹೊದಿಸಿದರೆ ಕನ್ನಡಿಯ ಅಂಚಿಗೆ ಮರಳಿತು. ಕೊನೆಗೆ ಅಕ್ಕ, ಭಾವ ಆಫೀಸಿಗೆ ಹಾಕಿಕೊಳ್ಳುವ ಕಾಲುಚೀಲವನ್ನೇ ತಂದು ಎರಡೂ ಕನ್ನಡಿಗೆ ತೊಡಿಸಿದಳು. ಹಕ್ಕಿ ಸುಮ್ಮನಾಯಿತು. ಬೀದಿಯ ಮಕ್ಕಳು ಸುಮ್ಮನಾಗಲಿಲ್ಲ. ಎರಡು ದಿನ ಕಳೆದು ಹೊರಡುವ ಗಡಿಬಿಡಿಯಲ್ಲಿ ಭಾವ ತಮ್ಮ ಬದಿಯದನ್ನು ಮಾತ್ರ ತೆಗೆದು ಹೆದ್ದಾರಿ ಹಿಡಿದರು. ಭರಮಸಾಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯವನು ಎಡಗಡೆಯ ಕಾಲುಚೀಲವನ್ನು ಭಕ್ತಿಯಿಂದ ನೋಡಿ, ‘ಹರಕೆಯೇ ಸಾರ್?’ ಎಂದು ಕೇಳಿದನಂತೆ.

ಅಂದು ರಾತ್ರಿಯೇ ಫೋನ್ ಬಂತು. ‘ಆ ಮರ ತೆಗೆಸಿಬಿಡಪ್ಪ. ಹಿತ್ತಲಿಗೆಲ್ಲ ಟೈಲ್ಸ್ ಹಾಕಿಸು. ಕಸದ ಕಾಟವೇ ಇರುವುದಿಲ್ಲ.’

ಹಿತ್ತಲನ್ನು ವರ್ಷವಿಡೀ ನೋಡಿ ನನಗೆ ಹೊಳೆದ ಒಂದು ದೊಡ್ಡ ಮಾತಿದೆ. ಅದನ್ನು ಬರೆಯಬೇಕೆಂದೇ ಇವತ್ತು ಕುಳಿತದ್ದು. ಆದರೆ ಟೈಲ್ಸ್ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ತಲೆ ಕೆಡುತ್ತದೆ. ನಮ್ಮ ಬೀದಿಯಲ್ಲಿ ಬರಿಗಾಲಿಗೆ ಮಣ್ಣು ತಾಕುವ ಮನೆ ಇನ್ನು ನಮ್ಮದೊಂದೇ. ಶಿವರಾತ್ರಿಯ ಆಸುಪಾಸಿನಲ್ಲಿ ಬೇವು ಎಲೆ ಉದುರಿಸುತ್ತದೆ; ಉಳಿದವರಿಗೆ ಅದು ಕಸ. ಆ ಎಲೆಗಳ ಕೆಳಗಿನ ಹುಳವನ್ನು ಕೆದಕಿ ತಿಂದೇ ಚಿಟ್ಟುಮಡಿವಾಳ ಮರಿ ಸಾಕುವುದು. ಎಲೆ ಗುಡಿಸಿ ಬೆಂಕಿ ಹಚ್ಚುವವರೇ ಸಂಜೆ ಕಟ್ಟೆಯ ಮೇಲೆ ಕುಳಿತು, ಈಗ ಹಕ್ಕಿಗಳೇ ಇಲ್ಲ ನೋಡಿ ಎಂದು ಮರುಗುತ್ತಾರೆ. ಎದ್ದು ಹೋಗಿ ಜಗಳವಾಡಬೇಕೆನಿಸುತ್ತದೆ. ಆಡಿದ್ದೂ ಉಂಟು.

ಆಷಾಢದಲ್ಲಿ ನಮ್ಮಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಘಟ್ಟದ ಆಚೆಗೆ ಸುರಿದು ಹಗುರಾದ ಮೋಡಗಳು ನಮ್ಮ ತಲೆಯ ಮೇಲೆ ಸುಮ್ಮನೆ ಓಡುತ್ತವೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತವೆ, ಕೆಳಗೆ ಬೇವಿನ ಹಣ್ಣು ಉದುರುತ್ತವೆ, ಪಿಕಳಾರಗಳಿಗೆ ಹಬ್ಬ. ಮಳೆ ಮನಸ್ಸು ಮಾಡುವುದು ಸಾಮಾನ್ಯವಾಗಿ ಉತ್ತರೆ, ಹಸ್ತ, ಚಿತ್ತದ ಹೊತ್ತಿಗೆ. ಮಾರಿಕಣಿವೆ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ 2022ರಲ್ಲಂತೂ ಬೀದಿಯ ಟೈಲ್ಸ್ ಅಂಗಳಗಳ ನೀರೆಲ್ಲ ಇಳಿಜಾರಿನ ನಮ್ಮ ಹಿತ್ತಲಿಗೇ ನುಗ್ಗಿ ನಿಂತಿತು. ರಾತ್ರಿಯಿಡೀ ಕಪ್ಪೆಗಳ ವಟವಟ. ನಿದ್ದೆ ಕೆಡುತ್ತದೆ, ಏನಾದರೂ ಮಾಡಿ ಎಂದು ನನಗೆ ಹೇಳಿ ಕಳಿಸಿದವರೂ ಆ ಟೈಲ್ಸಿನವರೇ. ನೀರು ಅವರದು, ಕಪ್ಪೆ ಮಾತ್ರ ನನ್ನದು!

ಇರಲಿ. ಈಗ ಸೀತಾಫಲದ ಕಾಲ. ಕಾಯಿ ಕಣ್ಣು ಬಿಟ್ಟ ಕೂಡಲೇ ಕಿತ್ತು ಅಕ್ಕಿಯಲ್ಲಿ ಹುಗಿದಿಟ್ಟರೆ ನಮ್ಮ ಪಾಲು. ನಾಳೆ ಕಿತ್ತರಾಯಿತು ಎಂದರೆ ಅಳಿಲಿನ ಪಾಲು. ಅದು ಇಡೀ ಹಣ್ಣನ್ನು ತಿನ್ನುವುದೂ ಇಲ್ಲ. ಬದಿಯಲ್ಲಿ ತೂತು ಕೊರೆದು, ತಿರುಳು ಕಬಳಿಸಿ, ಬೀಜಗಳನ್ನು ಒಂದೊಂದಾಗಿ ನನ್ನ ಕಣ್ಣೆದುರೇ ಉಗಿದು ಮುಂದಿನದಕ್ಕೆ ಜಿಗಿಯುತ್ತದೆ. ಮೊನ್ನೆ ಅಕ್ಕ ಫೋನ್ ಮಾಡಿ, ‘ನಿಮ್ಮ ಭಾವನಿಗೆ ಆ ಮರದ ಹಣ್ಣೇ ಆಗಬೇಕಂತೆ, ಕಳಿಸಿಕೊಡು’ ಎಂದಳು. ‘ಅಳಿಲು ಮುಟ್ಟಿದ್ದು ಬೇಡ’ ಎಂದು ಹಿಂದಿನಿಂದ ಭಾವನ ದನಿ. ನಾನು ಯಾವುದನ್ನೂ ಕಳಿಸುವುದಿಲ್ಲ, ದಸರೆಗೆ ನೀವೇ ಬಂದು ಅಳಿಲಿನೊಂದಿಗೆ ಮಾತನಾಡಿ ಕಿತ್ತುಕೊಂಡು ಹೋಗಿ ಎಂದೆ.

ಬರುತ್ತಾರಂತೆ. ಬಸ್ಸಿನಲ್ಲಿ.